ಕುಲುಕಾಟದಲ್ಲಿ ಎತ್ತರ ಕೈತಪ್ಪಿದರೆ: ಹೊಸ ಪೈಲಟ್‌ಗಳಿಗೊಂದು ಮಾರ್ಗದರ್ಶಿ

2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ ಏರ್‌ಲೈನ್ಸ್‌ನ ಬೋಯಿಂಗ್ 777 ವಿಮಾನವು ಮ್ಯಾನ್ಮಾರಿನ ಮೇಲೆ 37,000 ಅಡಿಯಲ್ಲಿ ಸಾಗುತ್ತಿದ್ದಾಗ ತೀವ್ರ ಟರ್ಬುಲೆನ್ಸ್‌ಗೆ, ಅಂದರೆ ಗಾಳಿಯ ಕುಲುಕಾಟಕ್ಕೆ, ಸಿಕ್ಕಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು, ಹಲವಾರು ಮಂದಿ ಗಾಯಗೊಂಡರು. ವಿಮಾನ ಮೂರು ನಿಮಿಷದಲ್ಲಿ 6,000 ಅಡಿ ಕುಸಿಯಿತೆಂದು ಮೊದಲ ದಿನದ ಸುದ್ದಿಗಳು ಹೇಳಿದವು. ಆದರೆ ಅದು ಬ್ಯಾಂಕಾಕ್‌ಗೆ ತಿರುಗಿಸುವಾಗ ಪೈಲಟ್‌ಗಳು ಉದ್ದೇಶಪೂರ್ವಕವಾಗಿ ಮಾಡಿದ ಇಳಿತವಾಗಿತ್ತು. ತನಿಖಾಧಿಕಾರಿಗಳು ಪ್ರಾಥಮಿಕ ವರದಿಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ ವಿಮಾನವು ಮೊದಲು ಯಾರೂ ಹೇಳದೆ 37,362 ಅಡಿಗೆ ಏರಿತು, ಬಳಿಕ 37,184ಕ್ಕೆ ಇಳಿಯಿತು. ಬಿದ್ದದ್ದು 178 ಅಡಿ ಮಾತ್ರ.

ಪ್ರಯಾಣಿಕರನ್ನು ಚಾವಣಿಗೆ ಎಸೆದದ್ದು ಆ 178 ಅಡಿಯಲ್ಲ, ಸುಮಾರು ಅರ್ಧ ಸೆಕೆಂಡಿನಲ್ಲಿ 1.35 ಜಿ ಯಿಂದ ಮೈನಸ್ 1.5 ಜಿ ಗೆ ಆದ ಹೊರಳು (ನೆಲದ ಮೇಲೆ ನಮಗಿರುವ ತೂಕ 1 ಜಿ; ಮೈನಸ್ ಎಂದರೆ ಮೇಲಕ್ಕೆ ಎಸೆತ). ಇನ್ನೊಂದೆಡೆ, ಸುದ್ದಿಯಾಗದೆ ಉಳಿದ 362 ಅಡಿಯ ಏರಿಕೆಯೇ ಈ ಲೇಖನದ ವಿಷಯ. ಎಟಿಸಿ (ನೆಲದಿಂದ ವಿಮಾನ ಸಂಚಾರ ನಿಯಂತ್ರಿಸುವವರು) ಕೊಟ್ಟ ಎತ್ತರದಿಂದ ವಿಮಾನ ಹೊರಬಿದ್ದದ್ದು ಅಲ್ಲಿ, ಅದೂ ಮೇಲ್ಮುಖವಾಗಿ.

ಸಿಪಿಎಲ್ (ವಾಣಿಜ್ಯ ಪೈಲಟ್ ಪರವಾನಗಿ) ಮುಗಿಸಿ ಟೈಪ್ ರೇಟಿಂಗ್‌ಗೆ, ಅಂದರೆ ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆಗೆ, ಕಾಯುತ್ತಿರುವ ಬೆಂಗಳೂರಿನ ಹುಡುಗ ಹುಡುಗಿಯರಿಗೆ ಗ್ರೌಂಡ್ ಸ್ಕೂಲ್‌ನಲ್ಲಿ ನಾನು ಪಾಠ ಹೇಳುತ್ತೇನೆ. ಕುಲುಕಾಟದಲ್ಲಿ ಎತ್ತರ ತಪ್ಪಿದರೆ ಏನು ಮಾಡಬೇಕು ಎಂದು ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗೆ ಕನ್ನಡದಲ್ಲಿ ಕ್ರಮವಾಗಿ ಬರೆದ ಉತ್ತರವಿದು. ಇದು ನಿಮ್ಮ ಕಂಪನಿಯ ಮ್ಯಾನುಯಲ್‌ಗೆ ಬದಲಿಯಲ್ಲ. ಎರಡರ ನಡುವೆ ವ್ಯತ್ಯಾಸ ಕಂಡರೆ ಮ್ಯಾನುಯಲ್ ಹೇಳಿದ್ದೇ ಸರಿ.

ಎಷ್ಟು ಅಡಿ ತಪ್ಪಿದರೆ ತಪ್ಪು

29,000 ಅಡಿಯಿಂದ 41,000 ಅಡಿಯವರೆಗಿನ ಆಕಾಶದಲ್ಲಿ ಮೇಲೊಂದು ಕೆಳಗೊಂದು ಹೋಗುವ ವಿಮಾನಗಳ ನಡುವೆ ಇರುವ ಅಂತರ 1,000 ಅಡಿ, ಅಂದರೆ ಸುಮಾರು 305 ಮೀಟರ್. ಮೊದಲು ಇದು 2,000 ಅಡಿ ಇತ್ತು. ಆರ್‌ವಿಎಸ್‌ಎಂ ಎಂಬ, ಮೇಲೆ ಕೆಳಗಿನ ಅಂತರವನ್ನು ತಗ್ಗಿಸುವ ವ್ಯವಸ್ಥೆ 2003ರ ನವೆಂಬರ್‌ನಲ್ಲಿ ನಮ್ಮ ಆಕಾಶಕ್ಕೆ ಬಂದಾಗ ಅದು ಅರ್ಧವಾಯಿತು. ಸಾಮಾನ್ಯವಾಗಿ ಎಟಿಸಿ ಕೊಟ್ಟ ಎತ್ತರಕ್ಕಿಂತ 300 ಅಡಿ ಮೀರಿ ವ್ಯತ್ಯಾಸವಾದರೆ ಅದನ್ನು ಲೆವೆಲ್ ಬಸ್ಟ್ ಎನ್ನುತ್ತಾರೆ. ಆರ್‌ವಿಎಸ್‌ಎಂ ಆಕಾಶದಲ್ಲಿ ಈ ಮಿತಿ 200 ಅಡಿ.

ಸಂಖ್ಯೆ ಸಣ್ಣದೆನಿಸಿದರೆ ಹೀಗೆ ಯೋಚಿಸಿ. ಬೆಂಗಳೂರಿನಿಂದ ಮುಂಬೈಗೆ ಹೋಗುವ ವಿಮಾನ ಪಶ್ಚಿಮಮುಖಿಯಾದ್ದರಿಂದ ಅದಕ್ಕೆ 34,000, 36,000 ಹೀಗೆ ಸಮಸಂಖ್ಯೆಯ ಸಾವಿರಗಳ ಲೆವೆಲ್ (ಹಾರಲು ಕೊಟ್ಟ ಎತ್ತರ) ಸಿಗುತ್ತದೆ. ಅಲ್ಲಿಂದ ಬರುವುದಕ್ಕೆ 35,000, 37,000 ಹೀಗೆ ಬೆಸಸಂಖ್ಯೆಯ ಸಾವಿರಗಳು. ಆದ್ದರಿಂದ ನಿಮ್ಮ ಲೆವೆಲ್‌ನ ನೇರ ಮೇಲೆ ಅಥವಾ ಕೆಳಗೆ ಇರುವ ವಿಮಾನವು ಬಹುಮಟ್ಟಿಗೆ ಎದುರಿನಿಂದ ಬರುತ್ತಿರುವಂಥದ್ದೇ ಆಗಿರುತ್ತದೆ. ಎರಡೂ ಗಂಟೆಗೆ 830 ಕಿಲೋಮೀಟರಿನಂತೆ ಹೋಗುತ್ತಿದ್ದರೆ ನಡುವಿನ ದೂರ ನಿಮಿಷಕ್ಕೆ ಸುಮಾರು 28 ಕಿಲೋಮೀಟರ್ ಕರಗುತ್ತದೆ. ಇಬ್ಬರೂ ಒಂದೇ ಕುಲುಕಾಟಕ್ಕೆ ಸಿಕ್ಕಿ, ನೀವು 300 ಅಡಿ ಮೇಲೆ ಹೋಗಿ ಅವರು 300 ಅಡಿ ಕೆಳಗೆ ಬಂದರೆ ಉಳಿಯುವುದು 400 ಅಡಿ.

ಹೊರಡುವ ಮುನ್ನ

ಹವಾಮಾನದ ಬ್ರೀಫಿಂಗ್ ಓದುವಾಗ ಎಲ್ಲಿ ಕುಲುಕೀತು ಎಂಬುದರ ಜೊತೆಗೆ, ಯಾವ ಬಗೆಯ ಕುಲುಕಾಟ ಎಂಬುದನ್ನೂ ಗುರುತಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಇಳಿಹೊತ್ತಿನಲ್ಲಿ ಏಳುವ ಗುಡುಗುಮೋಡಗಳು ಕಣ್ಣಿಗೂ ರಾಡಾರ್‌ಗೂ ಕಾಣುತ್ತವೆ. ಅವುಗಳಿಂದ ಕನಿಷ್ಠ 20 ನಾಟಿಕಲ್ ಮೈಲಿ, ಅಂದರೆ 37 ಕಿಲೋಮೀಟರ್ ದೂರ ಇರುವುದು ವಾಡಿಕೆ, ಅದೂ ಗಾಳಿ ಬೀಸಿಬರುವ ಕಡೆಯಿಂದ. ಆದರೆ ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಹರಿಯುವ ಪಶ್ಚಿಮದ ಜೆಟ್ ಸ್ಟ್ರೀಮ್ (ಎತ್ತರದಲ್ಲಿ ವೇಗವಾಗಿ ಬೀಸುವ ಗಾಳಿ) ಆಗಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ದಕ್ಷಿಣದ ಮೇಲೆ ಬೀಸುವ ಪೂರ್ವದ ಜೆಟ್ ಆಗಲಿ ತಿಳಿಯಾದ ಆಕಾಶದಲ್ಲೇ ಕುಲುಕಬಲ್ಲವು. ವೆದರ್ ರಾಡಾರ್ ಹಿಡಿಯುವುದು ನೀರಿನ ಹನಿಯನ್ನೇ ಹೊರತು ಗಾಳಿಯನ್ನಲ್ಲ. ಅಂಥ ಕಡೆ ನಿಮಗೆ ದಿಕ್ಕು ತೋರುವುದು ಗಾಳಿಯ ನಕ್ಷೆ ಮತ್ತು ಮುಂದೆ ಹೋದ ವಿಮಾನದವರ ಮಾತು ಮಾತ್ರ.

ಎರಡನೆಯದಾಗಿ, ಲೆವೆಲ್ ಆರಿಸುವಾಗ ದುರಾಸೆ ಬೇಡ. ಭಾರವಾದ ವಿಮಾನವನ್ನು ಅದರ ಗರಿಷ್ಠ ಎತ್ತರದ ಹತ್ತಿರ ಒಯ್ದರೆ ಇಂಧನ ಉಳಿಯಬಹುದು. ಆದರೆ ಅಲ್ಲಿ ಕಡಿಮೆ ವೇಗದ ಬಫೆಟ್‌ಗೂ (ರೆಕ್ಕೆಯ ಮೇಲಿನ ಗಾಳಿ ಕದಡಿ ಬರುವ ನಡುಕ) ಹೆಚ್ಚು ವೇಗದ ಬಫೆಟ್‌ಗೂ ನಡುವಿನ ದಾರಿ ಕಿರಿದಾಗುತ್ತದೆ. ಕುಲುಕಾಟದ ಮುನ್ಸೂಚನೆ ಇರುವ ದಿನ 2,000 ಅಡಿ ಕೆಳಗಿನ ಲೆವೆಲ್ ಕೇಳುವ ಕ್ಯಾಪ್ಟನ್‌ನನ್ನು ನಾನು ಅಂಜುಬುರುಕ ಎನ್ನಲಾರೆ.

ಒಳಹೊಗುವ ಮೊದಲಿನ ಎರಡು ನಿಮಿಷ

ಸೀಟ್ ಬೆಲ್ಟ್ ಸೈನ್ ಹಾಕಿ, ಕ್ಯಾಬಿನ್ ಸಿಬ್ಬಂದಿಯೂ ಕೂತುಕೊಳ್ಳುವಂತೆ ಸ್ಪಷ್ಟವಾಗಿ ಹೇಳಿ. ಟ್ರಾಲಿ ಒಳಗಿಟ್ಟು ಬರುತ್ತೇವೆ ಎಂಬ ಉತ್ತರಕ್ಕೆ ಎಷ್ಟು ಸಮಯ ಇದೆ ಎಂಬುದನ್ನು ತಿಳಿಸಬೇಕಾದವರು ನೀವೇ.

ವೇಗವನ್ನು ಟರ್ಬುಲೆನ್ಸ್ ವೇಗಕ್ಕೆ ತನ್ನಿ. ಏರ್‌ಬಸ್ 320ರಲ್ಲಿ ಎತ್ತರದ ಹಾರಾಟಕ್ಕೆ ಅದು 275 ನಾಟ್ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ) ಅಥವಾ ಮಾಕ್ 0.76 (ಶಬ್ದದ ವೇಗದ ಶೇ 76), ಬೋಯಿಂಗ್ 737 ಎನ್‌ಜಿಯಲ್ಲಿ 280 ನಾಟ್ ಅಥವಾ 0.76. ಇದಕ್ಕಿಂತ ಹೆಚ್ಚು ವೇಗವಿದ್ದರೆ ರಭಸದ ಗಾಳಿ ರೆಕ್ಕೆಯ ಮೇಲೆ ಹೇರುವ ಭಾರ ಹೆಚ್ಚುತ್ತದೆ, ಕಡಿಮೆಯಾದರೆ ಸ್ಟಾಲ್, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ, ಹತ್ತಿರವಾಗುತ್ತದೆ. ಸಣ್ಣ ವಿಮಾನದಲ್ಲಿ ಕಲಿಯುತ್ತಿರುವವರಿಗೂ ಇದೇ ತರ್ಕ. ಸೆಸ್ನಾ 172ಎಸ್ ಪೂರ್ಣ ಭಾರದಲ್ಲಿದ್ದಾಗ ಆ ವೇಗ 105 ನಾಟ್, ಭಾರ 1,900 ಪೌಂಡಿಗೆ ಇಳಿದಾಗ 90. ಹಗುರಾದಷ್ಟೂ ನಿಧಾನ ಹೋಗಬೇಕೆಂಬುದು ಮೊದಲ ಸಲ ಕೇಳಿದವರಿಗೆ ತಿರುಗುಮುರುಗಾಗಿ ಕಾಣುತ್ತದೆ. ಆದರೆ ಹಗುರ ವಿಮಾನವನ್ನು ಅದೇ ಗಾಳಿ ಹೆಚ್ಚು ಜೋರಾಗಿ ಎತ್ತಿ ಎಸೆಯುತ್ತದೆ.

ಒಳಗೆ ಸಿಕ್ಕಿಕೊಂಡಾಗ

ಇಲ್ಲಿ ಒಂದು ಪದದ ವಿಚಾರ. ಇಂಗ್ಲಿಷಿನಲ್ಲಿ ಆಲ್ಟಿಟ್ಯೂಡ್, ಆಟಿಟ್ಯೂಡ್ ಎಂಬೆರಡು ಪದಗಳು ಕಿವಿಗೆ ಅವಳಿಗಳಂತೆ ಕೇಳುವುದರಿಂದ ಮಕ್ಕಳು ಗೊಂದಲಪಡುತ್ತಾರೆ. ನಾನು ಎತ್ತರ ಮತ್ತು ನಿಲುವು ಎಂದು ಹೇಳಿಕೊಡುತ್ತೇನೆ. ಎತ್ತರ ಎಂದರೆ ನೀವು ಎಷ್ಟು ಮೇಲಿದ್ದೀರಿ ಎಂಬುದು, ನಿಲುವು ಎಂದರೆ ದಿಗಂತಕ್ಕೆ ಎದುರಾಗಿ ಮೂಗು ಮತ್ತು ರೆಕ್ಕೆ ಹೇಗಿವೆ ಎಂಬುದು. ತೀವ್ರ ಕುಲುಕಾಟದಲ್ಲಿ ನಿಮ್ಮ ಕೈ ಕಾಯಬೇಕಾದದ್ದು ನಿಲುವನ್ನು. ಎತ್ತರವನ್ನು ಕಾಯುವುದು ನಿಮ್ಮ ಬಾಯಿ, ಅಂದರೆ ರೇಡಿಯೊ.

ಕಳೆದ ವರ್ಷ ಸಿಮ್ಯುಲೇಟರ್‌ನಲ್ಲಿ ಕಂಡ ಒಂದು ದೃಶ್ಯವನ್ನು ಹೇಳುತ್ತೇನೆ. ಹುಡುಗ ಓದಿನಲ್ಲಿ ಚುರುಕು, ಕೈಯೂ ಚೆನ್ನಾಗಿತ್ತು. 35,000 ಅಡಿಯಲ್ಲಿ ತೀವ್ರ ಟರ್ಬುಲೆನ್ಸ್ ಕೊಟ್ಟು ಆಟೊಪೈಲಟ್ ಕಳಚಿಬಿಟ್ಟೆವು. ಎತ್ತರದ ಅಂಕಿ 35,180 ತೋರಿಸಿದ ಕೂಡಲೇ ಅವನು ಮೂಗನ್ನು ಕೆಳಗೆ ಒತ್ತಿದ. ಅಷ್ಟರಲ್ಲಿ ಮೇಲೆತ್ತುತ್ತಿದ್ದ ಗಾಳಿ ಮುಗಿದು ಕೆಳಗೆಳೆಯುವ ಗಾಳಿ ಶುರುವಾಗಿತ್ತು. ಅವನ ಒತ್ತು, ಗಾಳಿಯ ಎಳೆತ ಎರಡೂ ಸೇರಿ ಅಂಕಿ 34,700ಕ್ಕೆ ಬಂತು. ಗಾಬರಿಯಿಂದ ಹಿಂದಕ್ಕೆ ಎಳೆದ. ಸ್ಟಾಲ್ ಹತ್ತಿರವಾಯಿತೆಂದು ಎಚ್ಚರಿಸುವ ಸ್ಟಿಕ್ ಷೇಕರ್ ಗಡಗಡ ಎಂದಿತು.

“ಸರ್, ಎತ್ತರ ಹೋಯ್ತು ಸರ್.”

“ಹೋಗಲಿ ಬಿಡಪ್ಪ. ಮೂಗು ಎಲ್ಲಿದೆ, ಅದನ್ನ ಹೇಳು.”

“ಎರಡೂವರೆ ಡಿಗ್ರಿ ಮೇಲೆ ಇರಬೇಕು ಸರ್.”

“ಇರಬೇಕೋ, ಇದೆಯೋ?”

ಇದ್ದದ್ದು ಏಳು ಡಿಗ್ರಿ. ಅವನ ಕಣ್ಣು ಎತ್ತರದ ಅಂಕಿಯ ಪಟ್ಟಿಯನ್ನು ಬಿಟ್ಟು ಕದಲಿರಲಿಲ್ಲ. ಗಾಳಿ ಕೊಟ್ಟ 180 ಅಡಿಯನ್ನು ಅವನೇ 500 ಅಡಿಯ ಏರಿಳಿತವಾಗಿ ಬೆಳೆಸಿದ್ದ. ಮತ್ತೆ ಅದೇ ಗಾಳಿಯನ್ನು ಹಾಕಿ, ಈ ಸಲ ಮೂಗನ್ನು ಎರಡೂವರೆ ಡಿಗ್ರಿಯಲ್ಲಿ ಹಿಡಿದು ಏನನ್ನೂ ಮಾಡಬೇಡ ಎಂದೆ. ಎತ್ತರ 200 ಅಡಿ ಮೇಲಕ್ಕೆ ಹೋಯಿತು, ಹೆಚ್ಚುಕಡಿಮೆ ಅಷ್ಟೇ ಕೆಳಕ್ಕೆ ಬಂತು. ಅವನ ಮುಖದಲ್ಲಿ ಆಗ ಮೂಡಿದ ಸೋಜಿಗ ನನಗೆ ಇನ್ನೂ ನೆನಪಿದೆ.

ಇದರಿಂದ ಹೊರಡುವ ಕ್ರಮ ಹೀಗಿದೆ. ಆಟೊಪೈಲಟ್ ಹಿಡಿದಿರುವವರೆಗೆ ಅದನ್ನು ಬಿಡಿಸಬೇಡಿ, ಏಕೆಂದರೆ ನಿಲುವನ್ನು ಅದು ನಿಮಗಿಂತ ತಾಳ್ಮೆಯಿಂದ ಕಾಯುತ್ತದೆ. ಅದು ತಾನಾಗಿ ಕಳಚಿಕೊಂಡರೆ, ಅಥವಾ ಕಂಪನಿಯ ವಿಧಾನ ಬಿಡಿಸಲು ಹೇಳಿದರೆ, ರೆಕ್ಕೆ ಸಮ, ಮೂಗು ಮೊದಲಿದ್ದ ಕೋನದಲ್ಲಿ, ಕೈ ಹಗುರ. ಥ್ರಸ್ಟ್ (ಎಂಜಿನ್ ತಳ್ಳುವ ಬಲ) ಅನ್ನು ಟರ್ಬುಲೆನ್ಸ್ ವೇಗಕ್ಕೆ ತಕ್ಕ ಅಂಕಿಗೆ ಒಮ್ಮೆ ಇಟ್ಟು ಬಿಡಿ. ವೇಗದ ಸೂಚಿ 15 ನಾಟ್ ಮೇಲೆ, 15 ನಾಟ್ ಕೆಳಗೆ ಕುಣಿಯುತ್ತದೆ. ಅದರ ಹಿಂದೆ ಥ್ರಸ್ಟ್ ಲಿವರ್ ಓಡಿಸಿದರೆ ಎಂಜಿನ್ ತಿರುಗಿ ಏರುವಷ್ಟರಲ್ಲಿ ಗಾಳಿ ಬೇರೆಯಾಗಿರುತ್ತದೆ. ಆಟೊಥ್ರಸ್ಟ್ ತಾನೇ ಅತಿಯಾಗಿ ಓಡಾಡುತ್ತಿದ್ದರೆ ಅದನ್ನು ಬಿಡಿಸಲು ಏರ್‌ಬಸ್ ಪುಸ್ತಕವೂ ಹೇಳುತ್ತದೆ.

ಏರುವ ಇಳಿಯುವ ವೇಗ ತೋರಿಸುವ ಹಳೆಯ ಮಾದರಿಯ ಸೂಚಿಯನ್ನು ಸಣ್ಣ ವಿಮಾನಗಳಲ್ಲಿ ನಂಬುವವರಿಗೆ ಒಂದು ಮಾತು. ಅದು ನಿಜಸ್ಥಿತಿಗಿಂತ 6ರಿಂದ 9 ಸೆಕೆಂಡು ಹಿಂದೆ ಇರುತ್ತದೆ. ಮೇ ತಿಂಗಳ ಮಧ್ಯಾಹ್ನ ಜಕ್ಕೂರಿನಿಂದ ಹೊರಟು ಉತ್ತರಕ್ಕೆ ತಿರುಗಿದರೆ, ಕಾದ ಹೊಲದ ಮೇಲೆ ಎತ್ತುವ ಗಾಳಿ, ಕೆರೆಯ ಮೇಲೆ ಬರುತ್ತಲೇ ಇಳಿಸುವ ಗಾಳಿ, ಹೀಗೆ ಅರ್ಧ ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಸೂಚಿ ಮೇಲೆ ಎನ್ನುವಾಗ ವಿಮಾನ ಆಗಲೇ ಕೆಳಗಿಳಿಯುತ್ತಿರಬಹುದು. ಅದನ್ನು ನಂಬಿ ಮೂಗು ಒತ್ತಿದ ವಿದ್ಯಾರ್ಥಿಯ ವೇಗ 129 ನಾಟ್ ದಾಟಿ ಹಳದಿ ಪಟ್ಟಿಗೆ (ಕುಲುಕದ ಗಾಳಿಯಲ್ಲಿ ಮಾತ್ರ ಸಲ್ಲುವ ವೇಗ) ಹೋದದ್ದನ್ನು ಪಕ್ಕದ ಸೀಟಿನಿಂದ ನೋಡಿದ್ದೇನೆ. ಕುಲುಕುವ ಗಾಳಿಯಲ್ಲಿ ಹಳದಿ ಪಟ್ಟಿಗೆ ಜಾಗವೇ ಇಲ್ಲ.

ಸಿಂಗಪುರದ ಆ ವಿಮಾನದಲ್ಲಿ ಪೈಲಟ್‌ಗಳು ಕೈಯಲ್ಲಿ ಹಾರಿಸಿದ್ದು 21 ಸೆಕೆಂಡು. ಆಮೇಲೆ ಆಟೊಪೈಲಟ್ ಮತ್ತೆ ಹಾಕಿದರು.

ಯಾರಿಗೆ, ಏನು ಹೇಳಬೇಕು

ಹಾರಿಸುವವರು ನಿಲುವನ್ನು ನೋಡುತ್ತಿರುವಾಗ ಇನ್ನೊಬ್ಬ ಪೈಲಟ್ ಎತ್ತರವನ್ನು ಜೋರಾಗಿ ಓದಬೇಕು, ಎಟಿಸಿಗೆ ಹೇಳಬೇಕು. ಆರ್‌ವಿಎಸ್‌ಎಂ ಆಕಾಶದಲ್ಲಿ ಇದಕ್ಕೆ ನಿಗದಿಯಾದ ಮಾತಿದೆ: ‘ಅನೇಬಲ್ ಆರ್‌ವಿಎಸ್‌ಎಂ ಡ್ಯೂ ಟರ್ಬುಲೆನ್ಸ್’, ಅಂದರೆ ಕುಲುಕಾಟದಿಂದಾಗಿ ಆರ್‌ವಿಎಸ್‌ಎಂ ಪಾಲಿಸಲಾರೆವು. ಈ ಮಾತನ್ನು ಎತ್ತರ ತಪ್ಪಿದ ಮೇಲೆ ಹೇಳುವ ಕ್ಷಮಾಪಣೆಯೆಂದು ತಿಳಿಯಬೇಡಿ. ಎತ್ತರ ಹಿಡಿಯಲಾರೆವು ಎಂದು ಅನ್ನಿಸಿದ ಕೂಡಲೇ ಹೇಳಬೇಕಾದ ಮಾತದು. ಕೇಳಿದ ತಕ್ಷಣ ಕಂಟ್ರೋಲರ್ ನಿಮ್ಮ ಸುತ್ತಲಿನವರನ್ನು 2,000 ಅಡಿ ದೂರ ಮಾಡುತ್ತಾರೆ, ಇಲ್ಲವೇ ಪಕ್ಕಕ್ಕೆ ಕಳಿಸುತ್ತಾರೆ. ಬೆಂಗಳೂರು ಸೇರಿರುವ ಚೆನ್ನೈ ವಿಮಾನ ಮಾಹಿತಿ ವಲಯದ ಕಂಟ್ರೋಲರ್‌ಗಳಿಗೆ ನೀವು 300 ಅಡಿ ಸರಿದದ್ದು ಪರದೆಯಲ್ಲಿ ಕಾಣುತ್ತದೆ ನಿಜ, ಆದರೆ ಏಕೆ ಸರಿದಿರಿ, ಇನ್ನೂ ಸರಿಯುವಿರೋ ಎಂಬುದು ಕಾಣುವುದಿಲ್ಲ.

ಹೊಸಬರು ಇಲ್ಲಿ ಹಿಂಜರಿಯುತ್ತಾರೆ. ಹೇಳಿದರೆ ನಮ್ಮ ಕೈ ಕಚ್ಚಾ ಎಂದು ಕ್ಯಾಪ್ಟನ್ ಅಂದುಕೊಂಡಾರು ಎಂಬ ಅಳುಕು. ನನ್ನ ಅನುಭವದಲ್ಲಿ ಕಂಟ್ರೋಲರ್‌ಗಳು ಬೈಯುವುದು ಮುಂಚೆ ಹೇಳಿದವರನ್ನಲ್ಲ.

ಬಂಗಾಳ ಕೊಲ್ಲಿಯ ಮೇಲೆ, ನೆಲದ ರಾಡಾರ್ ಮುಟ್ಟದ ಕಡೆ, ಮೋಡ ತಪ್ಪಿಸಲು ಅನುಮತಿ ಸಮಯಕ್ಕೆ ಸಿಗದಿದ್ದರೆ ನಿಯಮವೇ ಒಂದು ದಾರಿ ಇಟ್ಟಿದೆ. ದಾರಿಯಿಂದ 5 ನಾಟಿಕಲ್ ಮೈಲಿ ಅಥವಾ ಅದಕ್ಕಿಂತ ಹೆಚ್ಚು ಸರಿಯಬೇಕಾದರೆ, ಪೂರ್ವಮುಖಿ ವಿಮಾನವು ಎಡಕ್ಕೆ ಸರಿದರೆ 300 ಅಡಿ ಇಳಿಯಬೇಕು, ಬಲಕ್ಕೆ ಸರಿದರೆ 300 ಅಡಿ ಏರಬೇಕು. ಪಶ್ಚಿಮಮುಖಿಗೆ ಇದರ ಉಲ್ಟಾ: ಎಡಕ್ಕೆ ಏರಿಕೆ, ಬಲಕ್ಕೆ ಇಳಿತ. ಜೊತೆಗೆ ದೀಪಗಳನ್ನೆಲ್ಲ ಹಾಕಿ, ರೇಡಿಯೊದ 121.5 ಮತ್ತು 123.45 ಮೆಗಾಹರ್ಟ್ಸ್‌ನಲ್ಲಿ ಸುತ್ತಲಿನವರಿಗೆ ಸಾರಬೇಕು. ಸಿಂಗಪುರಕ್ಕೆ ಹೊರಟ ಬೆಂಗಳೂರಿನ ಸಿಬ್ಬಂದಿ ಇದನ್ನು ಬಾಯಿಪಾಠ ಮಾಡಿಕೊಂಡಿರುವುದು ಒಳ್ಳೆಯದು. ಕತ್ತಲೆಯಲ್ಲಿ ಪುಸ್ತಕ ಹುಡುಕುವ ಹೊತ್ತಲ್ಲ ಅದು.

ಮಾತಾಡುವವರ ಕಣ್ಣಮುಂದೆ ಎತ್ತರ ತೋರಿಸುವ ಆಲ್ಟಿಮೀಟರ್ ಇರಬೇಕು ಎಂಬುದನ್ನು ನಮ್ಮ ದೇಶವೇ ಅತ್ಯಂತ ದುಬಾರಿಯಾಗಿ ಕಲಿತಿದೆ. 1996ರ ನವೆಂಬರ್ 12ರಂದು ದೆಹಲಿಯ ಪಶ್ಚಿಮಕ್ಕಿರುವ ಚರ್ಖಿ ದಾದ್ರಿಯ ಮೇಲೆ ಸೌದಿಯ 747 ವಿಮಾನವು 14,000 ಅಡಿಗೆ ಏರುತ್ತಿತ್ತು, ಕಜಕಿಸ್ತಾನದ ಇಲ್ಯೂಷಿನ್ 76 ವಿಮಾನಕ್ಕೆ 15,000 ಅಡಿಯವರೆಗೆ ಇಳಿಯಲು ಅನುಮತಿ ಇತ್ತು. ಅದು ಅಲ್ಲಿ ನಿಲ್ಲದೆ 14,000ದ ಹತ್ತಿರಕ್ಕೆ ಇಳಿಯಿತು. 349 ಜನ ಸತ್ತರು. ಮೋಡದೊಳಗಿನ ಕುಲುಕಾಟದಲ್ಲಿ ವಿಮಾನ ಇಳಿದುಹೋಯಿತೆಂದು ಕಜಕ್ ಅಧಿಕಾರಿಗಳು ವಾದಿಸಿದರು. ನ್ಯಾಯಮೂರ್ತಿ ಲಾಹೋಟಿ ಆಯೋಗ ಅದನ್ನು ಒಪ್ಪದೆ, ಕೊಟ್ಟ ಎತ್ತರವನ್ನು ಆ ಸಿಬ್ಬಂದಿ ಪಾಲಿಸಲಿಲ್ಲ ಎಂದಿತು. ಎಟಿಸಿಯೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ರೇಡಿಯೊ ಆಪರೇಟರ್‌ಗೆ ತನ್ನದೇ ಆದ ಉಪಕರಣಗಳಿರಲಿಲ್ಲ, ಪೈಲಟ್‌ಗಳ ಹೆಗಲ ಮೇಲಿಂದ ಇಣುಕಿ ನೋಡಬೇಕಿತ್ತು.

ಟಿಕ್ಯಾಸ್ ಕೂಗಿದರೆ

ಆ ದುರಂತದ ನಂತರವೇ ಭಾರತ ತನ್ನ ಆಕಾಶದಲ್ಲಿ ಹಾರುವ ದೊಡ್ಡ ವಿಮಾನಗಳಿಗೆ ಟಿಕ್ಯಾಸ್ (ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗದಂತೆ ಎಚ್ಚರಿಸುವ ಸಾಧನ) ಕಡ್ಡಾಯ ಮಾಡಿತು. ಕುಲುಕಾಟದ ನಡುವೆ ಅದು ಏರು ಅಥವಾ ಇಳಿ ಎಂದರೆ ಅದನ್ನೇ ಕೇಳಬೇಕು, ಎಟಿಸಿ ಬೇರೆ ಹೇಳುತ್ತಿದ್ದರೂ. 2002ರ ಜುಲೈ 1ರಂದು ಜರ್ಮನಿಯ ಊಬರ್‌ಲಿಂಗೆನ್ ಮೇಲೆ ಒಂದು ವಿಮಾನದವರು ಟಿಕ್ಯಾಸ್ ಮಾತು ಕೇಳಿ ಇಳಿದರು, ಇನ್ನೊಂದರವರು ಏರು ಎಂಬ ಟಿಕ್ಯಾಸ್ ಮಾತನ್ನು ಬಿಟ್ಟು ಕಂಟ್ರೋಲರ್ ಹೇಳಿದಂತೆ ಇಳಿದರು. 71 ಜನರ ಜೀವ ಹೋಯಿತು. ಸೂಚನೆ ಬಂದ 5 ಸೆಕೆಂಡಿನೊಳಗೆ, ಗಡಿಬಿಡಿಯಿಲ್ಲದೆ, ಹಸಿರು ಪಟ್ಟಿಗೆ ಸೂಚಿಯನ್ನು ತಂದು, ‘ಟಿಕ್ಯಾಸ್ ಆರ್‌ಎ’ ಎಂದಷ್ಟೇ ಎಟಿಸಿಗೆ ಹೇಳಿ (ಆರ್‌ಎ ಎಂದರೆ ಟಿಕ್ಯಾಸ್ ಕೊಟ್ಟ ಏರು ಇಳಿ ಸೂಚನೆ). ಮುಗಿದ ಮೇಲೆ ಮೊದಲಿನ ಲೆವೆಲ್‌ಗೆ ಮರಳುತ್ತಿದ್ದೇವೆ ಎಂದು ತಿಳಿಸಿ.

ಲೆವೆಲ್‌ಗೆ ಮರಳುವುದು

ಗಾಳಿ ತಣಿದ ಮೇಲೆ ಎಷ್ಟೋ ಮಂದಿ ಎತ್ತರವನ್ನು ಒಂದೇ ಉಸಿರಿಗೆ ಸರಿಪಡಿಸಲು ಹೋಗುತ್ತಾರೆ. ಹಾಗೆ ಮಾಡಿದರೆ ಲೆವೆಲ್ ದಾಟಿ ಇನ್ನೊಂದು ಕಡೆಗೆ ಹೋಗುವ ಸಂಭವವಿದೆ, ಅಂಥ ಓವರ್‌ಶೂಟ್ 150 ಅಡಿ ಮೀರಬಾರದು. ಹತ್ತಿರದಲ್ಲಿ ಬೇರೆ ವಿಮಾನವಿದ್ದರೆ ಕೊನೆಯ 1,000 ಅಡಿಯಲ್ಲಿ ನಿಮಿಷಕ್ಕೆ 1,500 ಅಡಿಗಿಂತ ಕಡಿಮೆ ದರದಲ್ಲಿ ಹೋಗಬೇಕು, ಇಲ್ಲವಾದರೆ ಎದುರಿನವರ ಟಿಕ್ಯಾಸ್ ಸುಮ್ಮನೆ ಕೂಗಿಕೊಳ್ಳುತ್ತದೆ. ನೆಲೆ ನಿಂತ ಮೇಲೆ ಎರಡು ಮುಖ್ಯ ಆಲ್ಟಿಮೀಟರ್‌ಗಳನ್ನು ಹೋಲಿಸಿ ನೋಡಿ. ಅವುಗಳ ವ್ಯತ್ಯಾಸ 200 ಅಡಿಯೊಳಗಿರಬೇಕು. ಒತ್ತಡದ ಗುಬುಟು ಎರಡೂ ಕಡೆ 1013 ಹೆಕ್ಟೊಪ್ಯಾಸ್ಕಲ್‌ನಲ್ಲಿದೆಯೇ (ಗಾಳಿಯ ಒತ್ತಡದ ಅಳತೆ) ಎಂದೂ ನೋಡಿ, ಕುಲುಕಾಟದಲ್ಲಿ ಯಾರದೋ ಕೈ ತಾಗಿ ಒಂದು ಹೆಕ್ಟೊಪ್ಯಾಸ್ಕಲ್ ತಿರುಗಿದರೂ 27, 28 ಅಡಿ ಹೋದಂತೆ.

ಕುಲುಕಾಟದ ಕಾರಣ ಮೋಡವೂ ಜೆಟ್ ಗಾಳಿಯೂ ಅಲ್ಲದೆ ಇನ್ನೊಂದು ವಿಮಾನವೂ ಆಗಿರಬಹುದು. 2017ರ ಜನವರಿ 7ರಂದು ಅರಬ್ಬೀ ಸಮುದ್ರದ ಮೇಲೆ 34,000 ಅಡಿಯಲ್ಲಿದ್ದ ಒಂದು ಸಣ್ಣ ಬಿಸಿನೆಸ್ ಜೆಟ್, 1,000 ಅಡಿ ಮೇಲೆ ಎದುರಿನಿಂದ ಹಾದುಹೋದ ದೈತ್ಯ ಏರ್‌ಬಸ್ ಎ380ರ ಸುಳಿಗಾಳಿಗೆ ಸಿಕ್ಕಿ ಹಲವು ಸಲ ಮಗುಚಿಕೊಂಡು ಸುಮಾರು 9,000 ಅಡಿ ಕಳೆದುಕೊಂಡಿತು. ಸಾಗರದ ಮೇಲೆ ಅನುಮತಿ ಇರುವ ಕಡೆ ದಾರಿಯ ಬಲಕ್ಕೆ 2 ನಾಟಿಕಲ್ ಮೈಲಿಯವರೆಗೆ ಸರಿದು ಹಾರುವ ಪದ್ಧತಿ ಇಂಥ ಸುಳಿಯಿಂದಲೂ ಕಾಪಾಡುತ್ತದೆ.

ಇಳಿದ ಮೇಲೆ

ತೀವ್ರ ಟರ್ಬುಲೆನ್ಸ್ ಕಂಡ ವಿಮಾನವನ್ನು ಎಂಜಿನಿಯರುಗಳು ಪರೀಕ್ಷಿಸದೆ ಮತ್ತೆ ಹಾರಿಸುವಂತಿಲ್ಲ, ಆದ್ದರಿಂದ ವಿಮಾನದ ತಾಂತ್ರಿಕ ದಾಖಲೆ ಪುಸ್ತಕವಾದ ಟೆಕ್ ಲಾಗ್‌ನಲ್ಲಿ ಬರೆಯಲೇಬೇಕು. ‘ಸ್ವಲ್ಪ ಕುಲುಕಿತು’ ಎಂದು ಬರೆದರೆ ಎಂಜಿನಿಯರಿಗೆ ಏನೂ ತಿಳಿಯದು. ಸಮಯ, ಸ್ಥಳ, ಲೆವೆಲ್, ಆಗಿನ ವೇಗ, ಎಷ್ಟು ಅಡಿ ಮೇಲೆ ಅಥವಾ ಕೆಳಗೆ ಹೋಯಿತು, ಆಟೊಪೈಲಟ್ ಇತ್ತೇ ಇಲ್ಲವೇ, ಎಷ್ಟು ಸೆಕೆಂಡು, ಕ್ಯಾಬಿನ್‌ನಲ್ಲಿ ಯಾರಿಗಾದರೂ ಪೆಟ್ಟಾಯಿತೇ, ಇಷ್ಟನ್ನೂ ಬರೆಯಿರಿ. ಎತ್ತರ ತಪ್ಪಿದ್ದಕ್ಕೆ ಕಂಪನಿಯ ಸುರಕ್ಷತಾ ವಿಭಾಗದ ಮೂಲಕ ಪ್ರತ್ಯೇಕ ವರದಿ ಹೋಗಬೇಕು. ನೀವು ಬರೆಯದಿದ್ದರೂ ವಿಮಾನದ ರೆಕಾರ್ಡರ್ ಆ ಅಂಕಿಗಳನ್ನು ಬರೆದಿಟ್ಟಿರುತ್ತದೆ, ಮುಂದೊಂದು ದಿನ ಯಾರೋ ಓದುತ್ತಾರೆ. ಆಗ ನಿಮ್ಮ ವರದಿಯೂ ಪಕ್ಕದಲ್ಲಿರುವುದು ಮೇಲು.

ಕಾಗದಕ್ಕೂ ಮುಂಚೆ ಆಗಬೇಕಾದ ಒಂದು ಕೆಲಸವನ್ನು ಕೊನೆಗೆ ಬಿಟ್ಟಿದ್ದೇನೆ. ಕುಲುಕಿದ ಜಾಗವನ್ನು ಇನ್ನೂ ಹಾರುತ್ತಿರುವಾಗಲೇ ಎಟಿಸಿಗೆ ಹೇಳಿಬಿಡಿ. ದೇವನಹಳ್ಳಿಯಿಂದ ಐದು ನಿಮಿಷ ತಡವಾಗಿ ಹೊರಟು ನಿಮ್ಮ ಹಿಂದೆಯೇ ಅದೇ ಲೆವೆಲ್‌ನಲ್ಲಿ ಬರುತ್ತಿರುವವರು ಆಗಿನ್ನೂ ಕಾಫಿ ಹಂಚುತ್ತಿರುತ್ತಾರೆ.